ನಿತ್ಯಾನಂದನ ಹೊಸ ವಿಸಿಲ್

ಸಿದ್ಧಕಟ್ಟೆಯಲ್ಲಿ ಇಳಿಯುವವರು ಇಳಿದು, ಹತ್ತುವವರು ಹತ್ತಿದ ಮೇಲೆ ಕಂಡಕ್ಟರ್ ನಿತ್ಯಾನಂದ ಬಾಗಿಲಿಗೆ ಜೋತುಬಿದ್ದು, ತುಟಿ ಚೂಪು ಮಾಡಿ ಊದಿದ. ವಿಸಿಲ್ ಬರಲಿಲ್ಲ. ಫುಸ್ಸೆಂದು ಗಾಳಿ ಬಂತು, ಗಾಳಿಯ ಬೆನ್ನಿಗೇ ಒಂದಿಷ್ಟು ಎಂಜಲೂ ಬಂತು. ಬಸ್ಸು ನಿಂತಲ್ಲೇ ಗುರುಗುಟ್ಟುತ್ತಿತ್ತು.

"ಏ, ನನ್ನ ಹೂ ದೇವಸ್ಥಾನಕ್ಕೆ ಹೋಗುವಂಥದ್ದು ಮಾರಾಯ!" ಬಾಗಿಲ ಪಕ್ಕದ ಸೀಟಿನಲ್ಲಿ ಮಲ್ಲಿಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಸುಂದರಿ ಬುಟ್ಟಿಗೆ ಸೆರಗು ಮುಚ್ಚಿದಳು. "ಆಚೆ ತಿರುಗಿ ಊದು."

ನಿತ್ಯಾನಂದ ಆಚೆ ತಿರುಗಿ ಊದಿದ. ಮತ್ತೆ ಫುಸ್. ಬೇರೆ ದಾರಿ ಕಾಣದೆ ಬಸ್ಸಿನ ತಗಡಿಗೆ ದಬದಬ ಬಡಿದ. ಬಂಟ್ವಾಳದಿಂದ ಮೂಡುಬಿದಿರೆಗೆ ಓಡುವ ಖಾಸಗಿ ಬಸ್ಸುಗಳಲ್ಲಿ ತಗಡು ಬಡಿಯುವುದೆಂದರೆ ಕಂಡಕ್ಟರಿಗೆ ಮಾನ ಹೋದ ಲೆಕ್ಕ. ಅದರಲ್ಲೂ ನಿತ್ಯಾನಂದನ ವಿಸಿಲ್ಲಿಗೆ ದಾರಿಯುದ್ದಕ್ಕೂ ಹೆಸರಿತ್ತು. ಆದರೆ ನಲವತ್ತು ಹತ್ತಿರವಾಗುವ ಹೊತ್ತಿಗೆ ಅವನ ಮೇಲಿನ ಹಲ್ಲುಗಳು ಕೆಳಗಿನವನ್ನು ಪೂರ್ತಿ ಮುಚ್ಚಿಕೊಂಡು, ಕೆಳಗಿನವು ಅಂಗುಳಿಗೆ ಚುಚ್ಚಿ ಚುಚ್ಚಿ ಗಾಯ ಮಾಡಿದ್ದವು. ಮೀನು ಸಾರಿನ ಊಟ ಕಣ್ಣೀರಿನಲ್ಲೇ ಮುಗಿಯುತ್ತಿತ್ತು. ಕೊನೆಗೆ ಮೂಡುಬಿದಿರೆಯ ಹಲ್ಲಿನ ಡಾಕ್ಟರು ಸಾತ್ವಿಕಾ ಕಳೆದ ವಾರ ಅವನ ಹಲ್ಲಿಗೆ ತಂತಿ ಕಟ್ಟಿ, ರಸ್ತೆಗೆ ಹಂಪ್ ಹಾಕಿದ ಹಾಗೆ ಮೇಲಿನ ಹಲ್ಲುಗಳ ಹಿಂದೆ ನೀಲಿ ಉಬ್ಬುಗಳನ್ನು ಅಂಟಿಸಿದ್ದರು. ಈಗ ಕೆಳಗಿನ ಹಲ್ಲು ಆ ಉಬ್ಬಿನ ಮೇಲೆ ಕೂರುತ್ತದೆ, ಅಂಗುಳಿಗೆ ತಾಗುವುದಿಲ್ಲ. ಗಾಯ ಮಾಯುತ್ತಿತ್ತು. ಆದರೆ ನಾಲಿಗೆಗೆ 'ಸ' ಸಿಗುತ್ತಿರಲಿಲ್ಲ, ತುಟಿಗೆ ವಿಸಿಲ್ ಸಿಗುತ್ತಿರಲಿಲ್ಲ.

ಡ್ರೈವರ್ ಉಸ್ಮಾನ್ ಗೇರ್ ಹಾಕುತ್ತಲೇ ಕನ್ನಡಿಯಲ್ಲಿ ಅವನನ್ನು ನುಂಗುವ ಹಾಗೆ ನೋಡಿದ.

"ಎಂತ ನಿತ್ಯ, ನಾನು ಬಸ್ ಬಿಡಬೇಕಾ, ಅಲ್ಲ ನಿನ್ನ ಬಾಯಿ ನೋಡ್ತಾ ಕೂತ್ಕೊಳ್ಬೇಕಾ? ಆ ಹಳದಿ ಬಸ್ಸಿನವ ಮುಂದಿನ ಸ್ಟಾಪಿನ ಜನರನ್ನೆಲ್ಲ ಗುಡಿಸಿಕೊಂಡು ಹೋದ!"

"ಥ್ವಲ್ಪ ಥಮಾಧಾನ, ಉಥ್ಮಾನ್."

"ನನ್ನ ಹೆಸರನ್ನೂ ಹಾಳು ಮಾಡಿದೆಯಲ್ಲ! ಕೇಳು, ಮೂಡುಬಿದಿರೆಗೆ ಮುಟ್ಟಿದ ಕೂಡಲೇ ಆ ಡಾಕ್ಟ್ರ ಹತ್ರ ಹೋಗುವ. ಅದನ್ನು ತೆಗೆಸು. ಇಲ್ಲದಿದ್ರೆ ನಾಳೆಯಿಂದ ಬೇರೆ ಕಂಡಕ್ಟರ್ ಕೊಡಿ ಅಂತ ಧಣಿಗೆ ನಾನೇ ಹೇಳ್ತೇನೆ."

ಉಸ್ಮಾನ್ ಹೇಳಿದರೆ ಧಣಿ ಮರುಮಾತಾಡುವವರಲ್ಲ. ಹಲ್ಲು ಹೇಗಾದರೂ ಇರಲಿ, ಬಸ್ಸು ಉಳಿಯಲಿ ಎಂದು ನಿತ್ಯಾನಂದ ಅಲ್ಲೇ ತೀರ್ಮಾನಿಸಿ ಟಿಕೆಟ್ ಮಷಿನ್ ಹಿಡಿದು ಒಳಗೆ ಹೋದ. ಬೇಜಾರಾಗಿತ್ತು, ನಿಜಕ್ಕೂ ಬೇಜಾರಾಗಿತ್ತು. ಎಷ್ಟೋ ವರ್ಷಗಳ ಮೇಲೆ ನಿನ್ನೆಯಷ್ಟೇ ಬಂಗುಡೆ ಸಾರನ್ನು ಚುರುಕ್ಕೆನ್ನದೆ ಉಂಡಿದ್ದ.

ಸಂಗಬೆಟ್ಟು ದಾಟುತ್ತಲೇ ಹಳದಿ ಬಸ್ಸು ಸಿಕ್ಕಿತು. ಸಿಕ್ಕಿ ಪ್ರಯೋಜನವಿಲ್ಲ. ಅದು ರಸ್ತೆಯ ನಟ್ಟನಡುವೆ ಹಂದಾಡುತ್ತ, ಉಸ್ಮಾನನ ಹಾರ್ನನ್ನು ಸಂಗೀತದ ಹಾಗೆ ಕೇಳಿಸಿಕೊಳ್ಳುತ್ತ ಹೋಗುತ್ತಿತ್ತು.

"ನನ್ನ ಹೂ ಇಲ್ಲೇ ಬಾಡ್ತದೆ ಇನ್ನು," ಸುಂದರಿ ಚಡಪಡಿಸಿದಳು. "ಊದು ಮಾರಾಯ, ಬಂದಷ್ಟು ಬರ್ಲಿ!"

ನಿತ್ಯಾನಂದ ಕಂಬಿ ಹಿಡಿದು ಅರ್ಧ ಮೈ ಹೊರಗೆ ಹಾಕಿ, ಇದೇ ಕೊನೆಯ ಸಲ ಎಂದುಕೊಂಡು, ಹೊಟ್ಟೆಯೊಳಗಿನ ಸಿಟ್ಟನ್ನೆಲ್ಲ ಸೇರಿಸಿ ಊದಿದ. ತಂತಿ, ಉಬ್ಬು, ಎಂಜಲು ಎಲ್ಲ ಸೇರಿ ಏನಾಯಿತೋ ದೇವರೇ ಬಲ್ಲ. ಪಿರ್ರ್ರ್ರ್ ಎಂದು, ಒಳಗೆ ಕಾಳು ಗಿರಗಿರ ತಿರುಗುವ ಪೊಲೀಸ್ ವಿಸಿಲ್ಲೇ ಹೊರಟಿತು.

ಹಳದಿ ಬಸ್ಸು ಕಿರುಚಿ ಬ್ರೇಕ್ ಹಾಕಿತು. ಮರ್ಯಾದಸ್ಥನ ಹಾಗೆ ಎಡಕ್ಕೆ ಸರಿದು ಚರಂಡಿಯ ಅಂಚಿನಲ್ಲಿ ನಿಂತಿತು. ಅದರ ಡ್ರೈವರ್ ಬನಿಯನ್ನಿನ ಮೇಲೆ ಗಡಿಬಿಡಿಯಲ್ಲಿ ಖಾಕಿ ಅಂಗಿ ಏರಿಸಲು ಹೋಗಿ, ತೋಳು ಸಿಗದೆ ಒದ್ದಾಡುತ್ತಿದ್ದ. ಕಂಡಕ್ಟರ್ ಕಾಗದಪತ್ರದ ಚೀಲದೊಂದಿಗೆ ರಸ್ತೆಗೆ ಹಾರಿ, ಬರಲಿರುವ ಸಾಹೇಬರಿಗೆ ಸಲಾಮು ಹೊಡೆದೇಬಿಟ್ಟ. ಆ ಸಲಾಮನ್ನು ಉಸ್ಮಾನ್ ತಾನೇ ಸ್ವೀಕರಿಸಿ ಬಸ್ಸನ್ನು ಮುಂದಕ್ಕೆ ಬಿಟ್ಟ.

ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಕ್ಕಿತು. "ಇನ್ನೊಮ್ಮೆ, ಇನ್ನೊಮ್ಮೆ!" ನಿತ್ಯಾನಂದ ಇನ್ನೊಮ್ಮೆ ಊದಿದ. ಎದುರು ಬರುತ್ತಿದ್ದ ಸ್ಕೂಟರಿನವನೊಬ್ಬ ಗಕ್ಕನೆ ನಿಂತು, ಕಾಲಡಿ ಇಟ್ಟಿದ್ದ ಹೆಲ್ಮೆಟ್ಟನ್ನು ತಲೆಗೆ ಏರಿಸಿಕೊಂಡ. ಸುಂದರಿ ಕಣ್ಣೊರೆಸಿಕೊಳ್ಳುತ್ತ ಮಲ್ಲಿಗೆಯ ಒಂದು ತುಂಡು ಹರಿದು ನಿತ್ಯಾನಂದನ ಟಿಕೆಟ್ ಮಷಿನಿಗೆ ಸುತ್ತಿದಳು. ಮೂಡುಬಿದಿರೆಯವರೆಗೂ ರಸ್ತೆ ಬದಿಯ ಜನರೆಲ್ಲ ಇವರ ಬಸ್ಸನ್ನೇ ಹತ್ತಿದರು.

ಆದರೆ ಉಸ್ಮಾನ್ ದಾರಿಯುದ್ದಕ್ಕೂ ನಕ್ಕನೇ ಹೊರತು, ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಬಸ್ಸು ನಿಂತದ್ದೇ ನಿತ್ಯಾನಂದನ ಕೈ ಹಿಡಿದು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದ. ನಿತ್ಯಾನಂದ ಕುರ್ಚಿಯಲ್ಲಿ ಒರಗಿ, ತೆರೆದ ಬಾಯಲ್ಲೇ ಜೀವ ಹಿಡಿದುಕೊಂಡ. ಡಾಕ್ಟರು ಸಾತ್ವಿಕಾ ಟಾರ್ಚ್ ಬಿಟ್ಟು ಅಂಗುಳು ನೋಡಿದರು. ಬಾಗಿಲಲ್ಲಿ ನಿಂತ ಉಸ್ಮಾನ್ ವಿಸಿಲ್ಲಿನ ಕಥೆಯನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ.

"ಏನೂ ಹೆದರಬೇಡಿ," ಡಾಕ್ಟರು ನಗು ತಡೆದುಕೊಂಡು ಹೇಳಿದರು. "ಗಾಯ ಚೆನ್ನಾಗಿ ಮಾಯುತ್ತಾ ಉಂಟು. ಅಭ್ಯಾಸ ಆದ ಹಾಗೆ ಮಾತು ಸರಿಯಾಗ್ತದೆ. ವಿಸಿಲ್ ಸಹ ಮೊದಲಿನ ಹಾಗೆಯೇ ಬರ್ತದೆ."

ಉಸ್ಮಾನನ ಮುಖ ಇಳಿದುಹೋಯಿತು. ಒಳಗೆ ಬಂದು, ಕುರ್ಚಿಯ ಹತ್ತಿರ ಬಗ್ಗಿ, ದನಿ ತಗ್ಗಿಸಿ ಕೇಳಿದ:

"ಬಾರದ ಹಾಗೆ ಎಂತಾದ್ರೂ ಮದ್ದು ಉಂಟಾ, ಡಾಕ್ಟ್ರೇ?"