ಬೋರಗಾಂವದ ಜೀಪು

ತಾರಾಬಾಯಿ ತವರಿನಿಂದ ಬಂದು ಕೈಚೀಲ ಕೆಳಗಿಡುವ ಮೊದಲೇ ಜೀಪಿನ ಅಡಿಯಿಂದ ಗಂಡನ ದನಿ ಬಂತು.

“ನೋಡಿದೇನು ನಿನ್ನ ತಮ್ಮನ ಜೀಪ?”

“ಪೂರಾ ಎಲ್ಲಿ ನೋಡಾಕ ಬಿಡ್ತಾನ್ರಿ ನಿತ್ಯಾ? ತಾಡಪತ್ರಿ ಹೊಚ್ಚ್ಯಾನ. ಕೆಳಗ ಗಾಲಿ ಅಷ್ಟ ಕಂಡ್ವು. ನನ್ನ ಸೊಂಟದ ಮಟ ಅದಾವ.”

ಗ್ರೀಸು ಮೆತ್ತಿದ ಮುಖವೊಂದು ಹೊರಗೆ ಬಂತು. ಸೊಂಟದವರೆಗೆ! ಭೂಪಾಲನ ಜೀಪಿನ ಗಾಲಿ ಅವಳ ಮೊಣಕಾಲಿಗಿಂತ ಸ್ವಲ್ಪ ಮೇಲಿತ್ತು, ಅಷ್ಟೆ. ಮರುದಿನವೇ ಅವನು ದೊಡ್ಡ ಟಾಯರು ತರಲು ಕೊಲ್ಲಾಪುರಕ್ಕೆ ಹೊರಟ.

ಐನಾಪುರದಲ್ಲಿ ಭೂಪಾಲನ ದ್ರಾಕ್ಷಿ ತೋಟ ಯಾರ ತೋಟಕ್ಕೂ ಕಡಿಮೆ ಇರಲಿಲ್ಲ. ಕಡಿಮೆ ಇದ್ದುದು ಹಿಡಿದ ಕೆಲಸ ಮುಗಿಸುವ ಬುದ್ಧಿ. ಶುದ್ಧ ಆರಂಭಶೂರ. ಅಪ್ಪ ಬಿಟ್ಟುಹೋದ ಹಳೇ ಜೀಪನ್ನು ಬಂಡೆ ಏರುವ ಗಾಡಿ ಮಾಡುತ್ತೇನೆಂದು ಬಿಚ್ಚಿ ಹಾಕಿ ವರ್ಷಗಳೇ ಕಳೆದಿದ್ದವು. ಒಣದ್ರಾಕ್ಷಿ ಮಾಡುವ ಶೆಡ್ಡಿನ ತುಂಬ ಅದರದೇ ಸಂಸಾರ. ಇಲ್ಲಿ ಚಾಸಿ, ಅಲ್ಲಿ ಎಕ್ಸೆಲ್ಲು, ಹಣ್ಣು ಹರಡುವ ಜಾಳಿಗೆಯ ಮೇಲೆ ಗೇರ್‌ಬಾಕ್ಸು. ಮನೆಯ ದ್ರಾಕ್ಷಿ ಒಣಗಲು ಮಂದಿಯ ಶೆಡ್ಡಿಗೆ ಹೋಗುತ್ತಿತ್ತು. ಮೊದಮೊದಲು ತಾರಾಬಾಯಿ ಇದಕ್ಕಾಗಿ ಓಣಿಗೆಲ್ಲ ಕೇಳುವಂತೆ ಜಗಳ ತೆಗೆಯುತ್ತಿದ್ದಳು. ಈಚೆಗೆ ಬಿಟ್ಟಿದ್ದಳು. ಹೆಂಡತಿಗೂ ಜೀಪಿನ ರುಚಿ ಹತ್ತಿತು ಎಂದು ಭೂಪಾಲ ಹಿಗ್ಗಿದ್ದ.

ಭೂಪಾಲನಿಗೆ ಹಟ ಹತ್ತಿಸಿದವನು ಅವಳ ತಮ್ಮ, ಬೋರಗಾಂವದ ನಿತಿನ. ನಿಪ್ಪಾಣಿ ಹತ್ತಿರದ ಹಳೇ ಕಲ್ಲುಗಣಿಯಲ್ಲಿ ವರ್ಷಕ್ಕೊಮ್ಮೆ ಬಂಡೆ ಏರುವ ಸ್ಪರ್ಧೆ ನಡೆಯುತ್ತದೆ. ಹೋದ ಬೇಸಿಗೆ ಒಂದು ಮದುವೆ ಪಂಕ್ತಿಯಲ್ಲಿ, ಬೀಗರೆಲ್ಲರ ಮುಂದೆ, ನಿತಿನ ಎಲೆಯಿಂದ ತಲೆ ಎತ್ತದೆ ಭಾವನಿಗೆ ಹೇಳಿದ್ದ: “ದಾಜಿ, ನಾನೂ ಒಂದ ಜೀಪ ಹಿಡದೀನ್ರಿ. ಮುಂದಿನ ಸಲ ಖಣಿಗೆ ತರತೀನಿ. ಅಷ್ಟೊತ್ತಿಗೆ ನಿಮ್ಮದು ಎದ್ದ ನಿಂತಿರತೈತಿಲ್ಲ?”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ತುಪ್ಪ ಬಡಿಸುತ್ತಿದ್ದ ತಾರಾಬಾಯಿ ಮಾತ್ರ ನಗಲಿಲ್ಲ.

ಭೂಪಾಲ ಮೀಸೆಗೆ ಕೈ ಹಾಕಿದ. “ನಿನ್ನ ಜೀಪ ನನಗಿಂತ ಮೊದಲ ಆ ಖಣಿ ಏರಿದ್ರ ಈ ಮೀಸಿ ಬೋಳಸ್ತೀನಿ, ತಗೋ!”

ಮೀಸೆ ಎಂದರೆ ಅವನ ಅರ್ಧ ಜೀವ. ಅದನ್ನು ಬೋಳಿಸಿಕೊಂಡು ಅದೇ ಬೀಗರ ಮುಂದೆ ಉಣ್ಣಲು ಕೂರುವುದಕ್ಕಿಂತ ಊರು ಬಿಡುವುದೇ ಮೇಲು ಎನಿಸಿತು.

ತಾನೇ ಹೋಗಿ ನೋಡೋಣವೆಂದರೆ, ಕರೆಯದೆ ಅತ್ತೆಮನೆಯ ಹೊಸ್ತಿಲು ತುಳಿಯುವ ಅಳಿಯ ಅವನಲ್ಲ. ಆ ವರ್ಷ ದೀಪಾವಳಿಗೂ ಕರೆ ಬರಲಿಲ್ಲ. ಜೀಪು ಬಚ್ಚಿಡುವ ಹೂಟ ಇದು ಎಂದು ಭೂಪಾಲ ತಟ್ಟನೆ ಅರ್ಥ ಮಾಡಿಕೊಂಡ. ಅದಕ್ಕೇ ಹೆಂಡತಿಯನ್ನು ಗೂಢಚಾರಿಣಿ ಮಾಡಿ ಕಳಿಸತೊಡಗಿದ. ತವರು ಬಿಟ್ಟು ಗಂಡನ ಕಡೆ ನಿಲ್ಲುವ ಹೆಂಡತಿ ಎಷ್ಟು ಜನಕ್ಕೆ ಸಿಗುತ್ತಾಳೆ?

ಅವಳೂ ಬಲು ಚುರುಕು. ಭೂಪಾಲ ನಟ್ಟು ಬಿಗಿಯುವ ಪಾನಾ ಬದಿಗಿಟ್ಟು ಹೊರಸಿನ ಮೇಲೆ ಅಡ್ಡಾಗಿ ಮೊಬೈಲು ಹಿಡಿದನೆಂದರೆ ಸಾಕು, ಬೋರಗಾಂವದಿಂದ ಹೊಸ ಸುದ್ದಿ ಬರುತ್ತಿತ್ತು.

“ಅವಂದು ಇಂಜಿನ್ ಚಾಲೂ ಆತಂತ್ರಿ.”

ಭೂಪಾಲ ಊಟ ಮರೆತು ಇಂಜಿನ್ ಕೂರಿಸಿದ.

“ಪಲ್ಟಿ ಆದ್ರ ತಲಿಗೆ ಪೆಟ್ಟ ಬೀಳಬಾರದಂತ ಸುತ್ತ ಪೈಪ ಕೂಡಿಸ್ಯಾನಂತ.”

ಮರುದಿನ ಶೆಡ್ಡಿನಲ್ಲಿ ವೆಲ್ಡಿಂಗಿನ ಕಿಡಿ ಹಾರಿದವು. ಚಹಾ ತಂದವಳು ಕಣ್ಣಿಗೆ ಸೆರಗು ಅಡ್ಡ ಹಿಡಿದು ಕೇಳಿದಳು: “ಇದು ಹೊರಗ ಎಂದ ಬೀಳತೈತ್ರಿ?”

“ಅವಸರ ಮಾಡಬ್ಯಾಡ ತಾರಾ. ಗೆದ್ದ ಬರತೀನಿ.”

“ನೀವು ಗೆಲ್ಲೂದು ನನಗ ಗೊತ್ತೈತಿ ಬಿಡ್ರಿ.”

ಸ್ಪರ್ಧೆಯ ಮುಂಜಾನೆ ಜೀಪು ಕಡೆಗೂ ಶೆಡ್ಡಿನ ಬಾಗಿಲು ದಾಟಿತು. ತಾರಾಬಾಯಿ ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಕಣ್ಣೊರೆಸಿಕೊಂಡಳು. ದಾರಿಯಲ್ಲಿ ಬೇಕಾದೀತೆಂದು ಶೆಡ್ಡಿನಲ್ಲಿ ಉಳಿದಿದ್ದ ಹಳೇ ಸಾಮಾನನ್ನೂ ಒಂದು ನಟ್ಟು ಬಿಡದೆ ಹಿಂದಿನ ಟ್ರ್ಯಾಕ್ಟರಿಗೆ ಹೇರಿಸಿದಳು. ಈ ಅಕ್ಕರೆ ಕಂಡು ಭೂಪಾಲ ಅವಳಿಗೆ ಕೈ ಬೀಸುತ್ತಲೇ ಊರು ದಾಟಿದ.

ಗಣಿಯಲ್ಲಿ ಜೀಪು, ಗಾಳಿ ಇಳಿಸಿದ ಟಾಯರುಗಳಿಂದ ಬಂಡೆಯನ್ನು ತಬ್ಬಿ ಇಂಚಿಂಚಾಗಿ ಹತ್ತಿತು. ಒಂದು ಕಡೆ ಮುಂದಿನ ಗಾಲಿ ನೆಲ ಬಿಟ್ಟು ತೇಲಿದಾಗ ಜನ ಉಸಿರು ಹಿಡಿದರು. ಭೂಪಾಲ ಹಲ್ಲು ಕಚ್ಚಿ ಲೋ ಗೇರಿನಲ್ಲೇ ಎಳೆದು ತುದಿ ಮುಟ್ಟಿದ. ಸಿಳ್ಳೆ ಬಿದ್ದವು. ಜೀವ ಬಂದಂತಾಗಿ ಕೆಳಗಿಳಿದವನು ಮೀಸೆ ತಿರುವುತ್ತಾ ನಿತಿನನನ್ನು ಹುಡುಕಿದ. ಅವನು ಕಬ್ಬಿನ ಹಾಲು ಕುಡಿಯುತ್ತಾ ನಿಂತಿದ್ದ.

“ಎಲ್ಲೈತಿಲೇ ನಿನ್ನ ಜೀಪ? ಹೆದರಿ ಮನ್ಯಾಗ ಬಿಟ್ಟ ಬಂದೇನು?”

“ಅಕ್ಕಗ ಒಂದ ಫೋನ್ ಹಚ್ಚರಿ, ದಾಜಿ.”

ಹಚ್ಚಿದ. ಆ ಕಡೆ ಹೆಣ್ಣಾಳುಗಳ ಗದ್ದಲವೋ ಗದ್ದಲ.

“ಏರಿದ್ರೇನ್ರಿ? ಛಲೋ ಆತು. ನಿತ್ಯಾನ ಕಡೆ ಒಂದ ಬೈಕ್ ಬಿಟ್ರ ಯಾವ ಜೀಪ ಐತ್ರಿ! ನಾವು ಶೆಡ್ಡಿನ ತುಂಬ ದ್ರಾಕ್ಷಿ ಹಾಕೇವಿ, ನಿಮ್ಮ ಗಾಡಿಗೆ ಬ್ಯಾರೆ ಎಲ್ಲೆರೆ ಜಾಗಾ ನೋಡ್ಕೊಂಡ ಬರ್ರಿ.”