ಕಂಪ್ಯೂಟರಿಗೆ ಇಟ್ಟ ಕುಂಕುಮ

ಆಯುಧಪೂಜೆಯಲ್ಲಿ ಸಕ್ಕರೆ ಕಾರ್ಖಾನೆಯ ಹೊಸ ಕಂಪ್ಯೂಟರಿಗೆ ಬಳಿದಿದ್ದ ಕುಂಕುಮವನ್ನು ರುಕ್ಮಿಣಿ ಮರುದಿನ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದಳು. ಕುಂಕುಮದ ಜೊತೆಗೆ ನೀಲಿ ಬಣ್ಣವೂ ಕಿತ್ತು ಬಂತು. ಅದರಡಿಯಲ್ಲಿ ಯಾವುದೋ ವಿದೇಶಿ ಗಿರಣಿಯ ಹೆಸರಿತ್ತು, ಪಕ್ಕದಲ್ಲಿ 1959 ಎಂಬ ಇಸವಿ. ಹದಿನೈದು ವರ್ಷ ಹಳೆಯದು.

"ಅಯ್ಯೋ, ಇದು ಒಸಾದಲ್ಲ ಕಣವ್ವಾ!" ಎಂದ ಜವಾನ ಕೆಂಪಯ್ಯ. "ಮುದಿ ಎತ್ತಿನ ಕೊಂಬಿಗೆ ಬಣ್ಣ ಬಳ್ದು ನಮ್ಗೆ ದಾಟ್ಸವ್ರೆ."

ಮದ್ದೂರು, ಮಳವಳ್ಳಿ ಕಡೆ ಊರೂರು ಸುತ್ತಿ, ಹೊಚ್ಚ ಹೊಸ ಯಂತ್ರ ಬರುತ್ತೆ, ಕಬ್ಬಿನ ಲೆಕ್ಕದಲ್ಲಿ ಇನ್ನು ಮೋಸವಿರಲ್ಲ ಎಂದು ರೈತರಿಗೆ ಮಾತು ಕೊಟ್ಟವಳು ರುಕ್ಮಿಣಿ. ಅವಳಿಗೆ ಆ ಮಾತು ಕೊಟ್ಟವರು, ವಿದೇಶಕ್ಕೆ ಹೋಗಿ ಯಂತ್ರ ಆರಿಸಿ ತಂದ ಮ್ಯಾನೇಜರ್ ಪಾರ್ಥಸಾರಥಿ. ಗಂಡ ಸತ್ತ ಮೇಲೆ ಈ ಕೆಲಸ ಕೊಡಿಸಿದವರೂ ಅವರೇ. ನಿನ್ನೆ ಪೂಜೆಯ ಹೊತ್ತಿಗೆ, "ಶುಭಕಾರ್ಯ, ನೀನು ಸ್ವಲ್ಪ ಆಚೆ ನಿಂತ್ಕೊಮ್ಮ" ಎಂದವರೂ ಅವರೇ.

ಪಾರ್ಥಸಾರಥಿ ಒಳಗೆ ಬಂದು ಆ ಹೆಸರನ್ನು ನೋಡಿದರು. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಯಂತ್ರ ನೋಡಲು ಬಂದ ರೈತರ ದನಿ ಬಾಗಿಲ ಹತ್ತಿರವೇ ಕೇಳುತ್ತಿತ್ತು. ಪಾರ್ಥಸಾರಥಿ ಗಡಿಬಿಡಿಯಲ್ಲಿ ಕುಂಕುಮದ ಬಟ್ಟಲನ್ನು ತೆಗೆದು ರುಕ್ಮಿಣಿಯ ಕೈಗಿಟ್ಟರು.

"ಆ ಹೆಸರಿನ ಮೇಲೆ ದೊಡ್ಡದಾಗಿ ಇಟ್ಟುಬಿಡಮ್ಮ, ಬೇಗ," ಎಂದರು. "ನೀನೇ ಇಡು, ಪರವಾಗಿಲ್ಲ."