ಬೆಳಗಿನ ರಿಪೋರ್ಟು

ದಿನಾ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದು, ಡೇಟಾಬೇಸಿನಿಂದ ಹಿಂದಿನ ದಿನದ ಮಾರಾಟದ ಅಂಕಿಅಂಶ ತೆಗೆದು, ನಿರ್ದೇಶಕರಿಗೆ ರಿಪೋರ್ಟು ಕಳಿಸುವುದು ವನಮಾಲಾಳ ಕೆಲಸ. ವರ್ಷಗಟ್ಟಲೆ ಕಳಿಸಿ ಕಳಿಸಿ ಅವಳಿಗೆ ಸಾಕಾಗಿಹೋಗಿತ್ತು.

"ಅದನ್ನ ಯಾರಾದರೂ ಓದ್ತಾರಾ ಅಂತ ತಿಳಿಯೋಕೆ ಒಂದೇ ದಾರಿ," ಎಂದರು ಪಕ್ಕದ ಸೀಟಿನ ಹಿರಿಯ ಡೆವಲಪರ್ ಇನಾಮದಾರ್. "ಸುಮ್ಮನೆ ನಿಲ್ಲಿಸಿ ನೋಡಮ್ಮ. ಬೇಕಾದವರು ಕೇಳ್ತಾರೆ."

ಅವಳು ಧೈರ್ಯ ಮಾಡಿ ನಿಲ್ಲಿಸಿದಳು. ವಾರವಾಯಿತು, ತಿಂಗಳಾಯಿತು, ಯಾರೂ ಕೇಳಲಿಲ್ಲ. ಬೆಳಗಿನ ಕಾಫಿಯನ್ನು ಮನೆಯಲ್ಲೇ ಕೂತು ಕುಡಿಯುವಂತಾಯಿತು.

ಒಂದು ದಿನ ನಿರ್ದೇಶಕರು ಕ್ಯಾಬಿನ್ನಿಗೆ ಕರೆದರು. ಕೆಲಸ ಹೋಯಿತೆಂದೇ ಅವಳು ಅಂದುಕೊಂಡಳು.

"ಸರ್, ಆ ಬೆಳಗಿನ ರಿಪೋರ್ಟು..." ಎಂದು ತೊದಲಿದಳು.

"ಅದಕ್ಕೇ ಕರೆದಿದ್ದು," ಎಂದರು ಅವರು. "ಈಚೆಗೆ ಒಂದೂ ತಪ್ಪಿಲ್ಲದೆ ಬರ್ತಿದೆ. ನಾಳೆಯಿಂದ ಸಂಜೆಯೂ ಒಂದು ಕಳಿಸಿ."